ಕಾಡಿನ ದಾರಿಯಲ್ಲಿ ಡೀಸೆಲ್ ಪಿಕಪ್

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ರಸ್ತೆ ಕುಳಗಿಯ ಬಳಿ ದಟ್ಟ ಕಾಡಿನ ನಡುವೆ ಸಾಗುತ್ತದೆ. ಈ ಭಾಗದ ಸರಕು ಸಾಗಣೆಯಲ್ಲಿ ದೊಡ್ಡ ಪಾಲು ಪಿಕಪ್ ಗಾಡಿಗಳದು. ಹಳಿಯಾಳದ ಗೋವಿನಜೋಳ, ಮುಂಡಗೋಡದ ಶುಂಠಿ, ಜೋಯಿಡಾದ ಗೆಡ್ಡೆಗೆಣಸು, ಹೋಮ್‌ಸ್ಟೇಗಳಿಗೆ ಬೇಕಾದ ದಿನಸಿ, ಸಿಲಿಂಡರ್, ಸಿಮೆಂಟು ಎಲ್ಲವೂ ಇವುಗಳಲ್ಲೇ ಓಡಾಡುತ್ತವೆ. ತೋಟದ ಇಕ್ಕಟ್ಟಿನ ದಾರಿಗೆ ಲಾರಿ ಇಳಿಯದು, ಏರುದಾರಿಯಲ್ಲಿ ತುಂಬಿದ ಗೂಡ್ಸ್ ಆಟೋ ಏದುಸಿರು ಬಿಡುತ್ತದೆ. 1988ರಲ್ಲಿ ಬಂದ ಟಾಟಾಮೊಬೈಲ್, ಆಮೇಲಿನ ಟಾಟಾ 207, ಈಗಿನ ಬೊಲೆರೊ ಪಿಕಪ್ ಮತ್ತು ಅಶೋಕ್ ಲೇಲ್ಯಾಂಡ್ ದೋಸ್ತ್ ಈ ನಡುವಿನ ಜಾಗವನ್ನು ತುಂಬಿದವು.

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಸಿಲಿಂಡರಿನೊಳಗೆ ಗಾಳಿ ಬಲವಾಗಿ ಒತ್ತಿಕೊಂಡು ಕಾದಿರುತ್ತದೆ, ಅದರೊಳಗೆ ಡೀಸೆಲ್ ಸಿಂಪಡಿಸಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಕಡಿಮೆ ವೇಗದಲ್ಲೇ ಹೆಚ್ಚು ಎಳೆತ ಸಿಗುವುದು ಈ ಎಂಜಿನ್ನಿನ ಗುಣ. ಹಾಗಾಗಿ ಆಕ್ಸಿಲರೇಟರ್ ಒತ್ತಿ ಎಂಜಿನ್ನನ್ನು ಕಿರುಚಿಸುವ ಅಗತ್ಯವಿಲ್ಲ. ಏರು ಎದುರಾಗುವ ಮೊದಲೇ ಗೇರ್ ಇಳಿಸಿ ಒಂದೇ ಹದದಲ್ಲಿ ಹತ್ತಿಸಿದರೆ ಡೀಸೆಲ್ ಉಳಿಯುತ್ತದೆ, ಕ್ಲಚ್ಚೂ ಬಾಳುತ್ತದೆ.

ಪಿಕಪ್ ಇಟ್ಟುಕೊಂಡವರು ಮೊದಲು ತಿಳಿಯಬೇಕಾದದ್ದು ಗಾಡಿಯ ತೂಕದ ಲೆಕ್ಕ. ಆರ್‌ಸಿಯಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ಗಾಡಿಯ ತೂಕ ಮತ್ತು ಸರಕು, ಜನ ಸೇರಿದ ಒಟ್ಟು ತೂಕ. ಖಾಲಿ ತೂಕ 1,500 ಕೆ.ಜಿ., ಒಟ್ಟು ತೂಕ 2,900 ಕೆ.ಜಿ. ಎಂದಿಟ್ಟುಕೊಂಡರೆ ನಡುವೆ ಉಳಿಯುವುದು 1,400. ಚಾಲಕ ಮತ್ತು ಜೊತೆಗಾರನಿಗೆ 140 ಕೆ.ಜಿ. ಕಳೆದರೆ ಸರಕಿಗೆ 1,260. ಅಂದರೆ 60 ಕಿಲೋದ ಶುಂಠಿ ಚೀಲ ಸರಿಯಾಗಿ 21. ಟ್ರಾಲಿಯಲ್ಲಿ ಜಾಗ ಕಾಣುತ್ತಿದೆ ಎಂದು ಇನ್ನೂ ಹತ್ತು ಚೀಲ ಹೇರಿದರೆ ಗಾಡಿ ಹೊರಡುತ್ತದೆ ನಿಜ, ಆದರೆ ಬ್ರೇಕು, ಟೈರು, ಹಿಂದಿನ ಆಕ್ಸಲ್ ಇವ್ಯಾವುವೂ ಆ ಭಾರಕ್ಕೆಂದು ಮಾಡಿದವಲ್ಲ. ಮಿತಿ ಮೀರಿದ ಭಾರಕ್ಕೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಒಂದು ಟ್ರಿಪ್ಪಿನ ಬಾಡಿಗೆಯಲ್ಲಿ ಇದು ಹುಟ್ಟುವುದಿಲ್ಲ.

ಹೇರುವ ಕ್ರಮವೂ ಮುಖ್ಯ. ಭಾರದ ಚೀಲಗಳು ಕ್ಯಾಬಿನ್ ಕಡೆಗೆ, ತಳದಲ್ಲಿರಬೇಕು. ಹಿಂದಿನ ಚಕ್ರದಾಚೆ ಭಾರ ಕೂತರೆ ಮುಂಭಾಗ ಹಗುರಾಗಿ ಸ್ಟೇರಿಂಗಿನ ಹಿಡಿತ ಸಡಿಲವಾಗುತ್ತದೆ. ಹುಲ್ಲನ್ನು ಎತ್ತರಕ್ಕೆ ಒಟ್ಟಿದ ಗಾಡಿಗೆ ತಿರುವೇ ಶತ್ರು. ಖಾಲಿ ಪಿಕಪ್ಪಿನದು ಬೇರೆಯೇ ತೊಂದರೆ: ಹಿಂದೆ ಭಾರವಿಲ್ಲದ್ದರಿಂದ ಮಳೆ ನೀರಿನ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಸರಕು ಇಳಿಸಿ ಮರಳುವಾಗ ಇನ್ನಷ್ಟು ನಿಧಾನ ಬೇಕು.

ಜೋಯಿಡಾದಿಂದ ಕಾರವಾರದ ಕಡೆಗೆ ಅಣಶಿ ಘಟ್ಟ ಇಳಿಯುವವರಿಗೆ ಹಳೆಯ ಚಾಲಕರು ಹೇಳಿಕೊಡುವ ನಿಯಮ ಒಂದೇ: ಹತ್ತಿದ ಗೇರಿನಲ್ಲೇ ಇಳಿಯಬೇಕು. ಸಣ್ಣ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನೇ ಒತ್ತುತ್ತ ಇಳಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ, ಕೊನೆಗೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಯುವುದು ದೊಡ್ಡ ತಪ್ಪು. ಎಂಜಿನ್ ಆಫ್ ಮಾಡಿದರಂತೂ ಪವರ್ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿದು ಪೆಡಲ್ ಕಲ್ಲಾಗುತ್ತದೆ.

ಮಳೆಗಾಲದಲ್ಲಿ ಡೀಸೆಲ್ ಗಾಡಿಗೆ ನೀರೇ ವೈರಿ. ಟ್ಯಾಂಕಿಗೆ ಸೇರಿದ ನೀರು ಡೀಸೆಲ್ ಫಿಲ್ಟರಿನ ತಳದಲ್ಲಿ ನಿಲ್ಲುತ್ತದೆ. ಅದನ್ನು ಆಗಾಗ ಬಸಿದು ತೆಗೆಯದಿದ್ದರೆ ದುಬಾರಿ ಇಂಜೆಕ್ಟರುಗಳು ಹಾಳಾಗುತ್ತವೆ. ಬೇಸಿಗೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಟರ್ಬೊ ಇರುವ ಗಾಡಿ ಘಟ್ಟ ಹತ್ತಿ ಬಂದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿದ್ದು ಆಫ್ ಆಗಬೇಕು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಸೈಲೆನ್ಸರಿನ ಹಾದಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿದಾಗ ಆ ಮಸಿ ಕಾದು ಸುಟ್ಟುಹೋಗುತ್ತದೆ. ದಾಂಡೇಲಿ ಪೇಟೆಯೊಳಗೇ ಅಂಗಡಿಯಿಂದ ಅಂಗಡಿಗೆ ಸುತ್ತುವ ಗಾಡಿಗೆ ಆ ಅವಕಾಶ ಸಿಗದೆ ಮೀಟರಿನಲ್ಲಿ ದೀಪ ಹೊತ್ತುತ್ತದೆ. ಆಗ ತೆರೆದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಕೆಲಸ ನಡೆಯುವಾಗ ಸೈಲೆನ್ಸರ್ ಭಾಗ ವಿಪರೀತ ಕಾದಿರುತ್ತದೆ. ಕುಳಗಿಯಂಥ ಎಲೆ ಉದುರುವ ಕಾಡಿನಲ್ಲಿ ಬೇಸಿಗೆಯಲ್ಲಿ ತರಗೆಲೆಯ ಮೇಲೆ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತಬಹುದು.

ಕುಳಗಿಯ ಈ ರಸ್ತೆ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಕತ್ತಲಾದ ಮೇಲೆ ಕಾಡುಕೋಣ, ಜಿಂಕೆ ಅಡ್ಡ ಬರುತ್ತವೆ. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿದು ನಿಲ್ಲಬೇಕು, ಹಾರ್ನ್ ಹೊಡೆಯದೆ ದೀಪ ತಗ್ಗಿಸಬೇಕು.

ಕಾಗದಪತ್ರದ ಗೊಂದಲ ಈಗ ಕಡಿಮೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿಗೆ ಕಾರಿನ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. 3,000 ಕೆ.ಜಿ. ಒಳಗಿನವಕ್ಕೆ ಪರ್ಮಿಟ್ ಬೇಡ. ಎಫ್‌ಸಿ ಮಾತ್ರ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಆಗಬೇಕು.

ಕಾನೂನು ತಿಳಿದೂ ಮೀರುವುದು ಟ್ರಾಲಿಯಲ್ಲಿ ಜನರನ್ನು ಹತ್ತಿಸುವ ವಿಷಯದಲ್ಲಿ. 2025ರ ಜನವರಿ 22ರ ನಸುಕಿನಲ್ಲಿ ಪಕ್ಕದ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟಾ ಸಂತೆಗೆ ವ್ಯಾಪಾರಿಗಳನ್ನು ಸರಕಿನೊಂದಿಗೆ ಹೊತ್ತು ಹೊರಟಿದ್ದ ಲಾರಿ ಕಂದಕಕ್ಕೆ ಉರುಳಿ ಹತ್ತು ಜನ ಸತ್ತರು. ಸರಕು ಗಾಡಿಯ ವಿಮೆ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ಅನ್ವಯಿಸುತ್ತದೆ, ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಅಲ್ಲ. ಮದುವೆಗಾಗಲಿ, ಕೂಲಿಗಾಗಲಿ, ಜಾತ್ರೆಗಾಗಲಿ ಪಿಕಪ್ಪಿನ ಟ್ರಾಲಿಗೆ ಜನರನ್ನು ಹತ್ತಿಸಬೇಡಿ.