ಹಳೇ ಜಿಪ್ಸಿ ತಗೊಂಡ್ರಾ? ಟಯರ್ ಆಮೇಲೆ, ಬ್ರೇಕ್ ಮೊದಲು

ಇವತ್ತಿನ ಎಪಿಸೋಡ್ ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳ ಬಗ್ಗೆ. ನಂಗೆ ಬರೋ ಮೆಸೇಜ್‌ಗಳಲ್ಲಿ ಮುಕ್ಕಾಲು ಭಾಗ ಒಂದೇ ಪ್ರಶ್ನೆ: "ಬ್ರೋ, ಹಳೇ ಜಿಪ್ಸಿ ಸಿಕ್ತಿದೆ, ಯಾವ ಟಯರ್ ಹಾಕಿಸ್ಲಿ?" ನಾನೂ ಶುರು ಮಾಡಿದ್ದು ಇದೇ ಪ್ರಶ್ನೆಯಿಂದ. ಅದು ತಪ್ಪು ಪ್ರಶ್ನೆ ಅಂತ ಗೊತ್ತಾಗಿದ್ದು ಸಕಲೇಶಪುರದ ಹತ್ರ, ಒಂದು ತೋಟದ ಇಳಿಜಾರಿನಲ್ಲಿ.

ಮೊದ್ಲು ಹೇಳ್ಬಿಡ್ತೀನಿ, ನಾನು ಬಿ.ಕಾಂ. ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ. ನನ್ನದು 1999ರ ಜಿಪ್ಸಿ ಕಿಂಗ್. ಕೊಟ್ಟಿದ್ದು 2.1 ಲಕ್ಷ. ತಂದ ಎರಡೇ ತಿಂಗಳಲ್ಲಿ 31 ಇಂಚಿನ ಮಡ್ ಟಯರ್, ಲಿಫ್ಟ್ ಕಿಟ್, ಕಬ್ಬಿಣದ ಬಂಪರ್, ಲೈಟ್ ಬಾರ್ ಅಂತ 1.15 ಲಕ್ಷ ಸುರಿದೆ. ಬ್ರೇಕ್‌ಗೆ ಸೊನ್ನೆ. ಫೋಟೋದಲ್ಲಿ ಗಾಡಿ ಸಖತ್ತಾಗಿತ್ತು.

ಆ ವಾರಾಂತ್ಯ ಮಾವನ ತೋಟಕ್ಕೆ ಹೋದೆ. ಮಾವನ ಮಗ, ಎಂಟನೇ ಕ್ಲಾಸ್ ಹುಡುಗ, ಪಕ್ಕದಲ್ಲಿ ಕೂತಿದ್ದ. ತೋಟದಿಂದ ಹಳ್ಳದ ಕಡೆಗೆ ಉದ್ದದ ಇಳಿಜಾರು. ನಾನು ಟೂ ವೀಲ್ ಡ್ರೈವ್‌ನಲ್ಲಿ, ಮೂರನೇ ಗೇರಲ್ಲಿ, ಬ್ರೇಕ್ ಒತ್ಕೊಂಡೇ ಇಳೀತಿದ್ದೆ. ಅರ್ಧ ದಾರೀಲಿ ಪೆಡಲ್ ಸ್ಪಂಜಿನ ಹಾಗಾಯ್ತು. ಮುಂದಿನ ತಿರುವಿನಲ್ಲಿ ನೆಲಕ್ಕೇ ಹೋಗಿ ಕೂತಿತು. "ಬ್ರೇಕ್ ಹಿಡೀರಿ ಭಾವ!" ಅಂತ ಅವನು ಕೂಗ್ತಿದ್ದಾನೆ, ನಾನು ಹಿಡಿದೇ ಇದೀನಿ. ಬಲಗಡೆ ಕಂದರ. ಎಡಗಡೆ ಧರೆಗೆ ಗಾಡಿ ಉಜ್ಜಿ ಹೇಗೋ ನಿಲ್ಲಿಸಿದೆ. ಇಬ್ಬರಿಗೂ ಏನೂ ಆಗಲಿಲ್ಲ. ಹುಡುಗ ಮಾತ್ರ ಮನೆ ತನಕ ನಡ್ಕೊಂಡೇ ಬರ್ತೀನಿ ಅಂದ.

ಯಾಕೆ ಹೀಗಾಯ್ತು?

ಗ್ಯಾರೇಜ್ ಅಣ್ಣ ಹಿಂದಿನ ಡ್ರಮ್ ಬಿಚ್ಚಿದಾಗ ವೀಲ್ ಸಿಲಿಂಡರ್ ಸೋರಿ ಲೈನರ್ ಎಲ್ಲಾ ಒದ್ದೆಯಾಗಿತ್ತು. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವವನ್ನು ಹೀರಿಕೊಳ್ಳುತ್ತೆ. ತೇವ ಹೆಚ್ಚಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತೆ. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ, ಒತ್ತಡ ಚಕ್ರಕ್ಕೆ ತಲುಪೋದಿಲ್ಲ. ಪೆಡಲ್ ನೆಲ ಮುಟ್ಟೋದು ಇದಕ್ಕೇ.

ಇದರ ಮೇಲೆ ನನ್ನ ಹೊಸ ಟಯರ್. ಗಾಡಿಯಲ್ಲಿ ಮೊದಲಿದ್ದದ್ದು 205/70 ಆರ್15. ಅಂದ್ರೆ ಅಗಲ 205 ಮಿ.ಮೀ., ಪಕ್ಕದ ಗೋಡೆ ಅದರ ಶೇ. 70, ರಿಮ್ 15 ಇಂಚು. ಕೂಡಿ ನೋಡಿ, ಟಯರಿನ ಒಟ್ಟು ಎತ್ತರ ಸುಮಾರು 668 ಮಿ.ಮೀ. 31 ಇಂಚಿನ ಟಯರ್ ಅಂದ್ರೆ 787 ಮಿ.ಮೀ. ಶೇ. 18ರಷ್ಟು ದೊಡ್ಡದು. ಸ್ಪೀಡೋಮೀಟರ್ 40 ತೋರಿಸುವಾಗ ಗಾಡಿ ಓಡ್ತಿರೋದು 47ರಲ್ಲಿ. ಪೆಡಲ್ ಮೇಲೆ ಅಷ್ಟೇ ಬಲ ಹಾಕಿದರೂ ನೆಲದ ಮೇಲೆ ಸಿಗೋ ಬ್ರೇಕ್ ಶೇ. 15ರಷ್ಟು ಕಮ್ಮಿ. ಎಂಜಿನ್ನಿನ ಎಳೆತವೂ ಅಷ್ಟೇ ಕಮ್ಮಿ.

ಕಾಮರ್ಸ್‌ನಲ್ಲಿ ಮೊದಲ ಪಾಠ ಏನು? ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್. ಗಾಡಿಯಲ್ಲೂ ಹಾಗೇ. ಟಯರ್ ದೊಡ್ಡದಾದರೆ ಬ್ರೇಕ್, ಸ್ಟೀರಿಂಗ್, ಆಕ್ಸೆಲ್ ಅದರ ಬೆಲೆ ಕಟ್ಟುತ್ತವೆ. ಲಿಫ್ಟ್ ಹಾಕಿಸಿದರೆ ಭಾರ ಮೇಲಕ್ಕೆ ಹೋಗಿ, ಓರೆ ದಾರೀಲಿ ಮಗುಚೋ ಅಪಾಯ ಜಾಸ್ತಿಯಾಗುತ್ತೆ. ನಾನು ಒಂದು ಕಡೆ ಮಾತ್ರ ಬರೆದು ಪುಸ್ತಕ ಮುಚ್ಚಿದ್ದೆ.

ಇನ್ನೊಂದು ತಪ್ಪು ತಿಳಿವಳಿಕೆ. ಲಿಫ್ಟ್ ಕಿಟ್ ಹಾಕಿದ್ರೆ ಗಾಡಿ ಅಡಿ ಕಲ್ಲಿಗೆ ತಾಗಲ್ಲ ಅಂತ ಅಂದ್ಕೊಂಡಿದ್ದೆ. ಲಿಫ್ಟ್ ಎತ್ತೋದು ಬಾಡಿ ಮತ್ತು ಚಾಸಿಯನ್ನ. ಜಿಪ್ಸಿಯಂಥ ಗಾಡಿಯಲ್ಲಿ ಎರಡು ಚಕ್ರದ ಮಧ್ಯೆ ದಪ್ಪಗೆ ಇರೋ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ಟಯರ್ ಒಂದೇ, ಅದೂ ಹೆಚ್ಚಿದ ಎತ್ತರದ ಅರ್ಧ. ನಂಗೆ ಸಿಕ್ಕಿದ್ದು ಸುಮಾರು 6 ಸೆಂ.ಮೀ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು?

ಒಂದು, ಚಾಸಿ. ಜಿಪ್ಸಿ 1985ರಲ್ಲಿ ಬಂದ ಗಾಡಿ, ಸುಜುಕಿಯ ಎಸ್‌ಜೆ410 ಅದರ ಮೂಲ. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. ಈಗ ಮಾರಾಟಕ್ಕೆ ಸಿಗೋದರಲ್ಲಿ ಬಹುಪಾಲು ಹಲವು ಮಳೆಗಾಲ ಕಂಡವು. ಹೊಸ ಪೇಂಟ್ ನೋಡಿ ಮರುಳಾಗ್ಬೇಡಿ. ಕೆಳಗೆ ಮಲಗಿ, ಸ್ಕ್ರೂ ಡ್ರೈವರ್‌ನಿಂದ ಕುಟ್ಟಿ ನೋಡಿ. ಟಣ್ ಅಂದ್ರೆ ಸರಿ, ಒಳಗೆ ಹೋದ್ರೆ ತುಕ್ಕು. ಚಾಸಿ ನಂಬರ್ ಓದೋಕೆ ಬರುತ್ತಾ, ಆರ್‌ಸಿಗೆ ಹೊಂದುತ್ತಾ ಅಂತಲೂ ನೋಡಿ.

ಎರಡು, ಬ್ರೇಕ್. ರಬ್ಬರ್ ಹೋಸ್, ವೀಲ್ ಸಿಲಿಂಡರ್, ಲೈನರ್, ಪ್ಯಾಡ್ ಎಲ್ಲಾ ಪರೀಕ್ಷೆ ಮಾಡಿಸಿ. ಆಯಿಲ್ ಹಳೇದಾಗಿದ್ರೆ ಪೂರ್ತಿ ಬದಲಿಸಿ.

ಮೂರು, ಸ್ಟೀರಿಂಗ್. ಮುಂದಿನ ಆಕ್ಸೆಲ್‌ನ ಕಿಂಗ್ ಪಿನ್ ಬೇರಿಂಗ್ ಸವೆದಿದ್ದರೆ ಒಂದು ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗೋಕೆ ಶುರುವಾಗುತ್ತೆ. ದೊಡ್ಡ ಟಯರ್ ಹಾಕಿದರೆ ಇನ್ನೂ ಜಾಸ್ತಿ.

ನಾಲ್ಕು, ಕೂಲಿಂಗ್. ಕೆಸರಲ್ಲಿ ಗಾಡಿ ತೆವಳುವಾಗ ಎದುರು ಗಾಳಿ ಇರಲ್ಲ, ಎಂಜಿನ್ ಮಾತ್ರ ದುಡೀತಿರುತ್ತೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅಲ್ಲೇ ಬಿಸಿಯಾಗಿ ನಿಲ್ಲುತ್ತೆ.

ಐದು, ಬ್ರೀದರ್. ಇದನ್ನ ಯಾರೂ ಹೇಳಿಕೊಡಲ್ಲ. ಓಡಿ ಬಿಸಿಯಾದ ಆಕ್ಸೆಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಸೀಲ್‌ಗಳ ಮೂಲಕ ನೀರನ್ನು ಒಳಗೆ ಎಳೆಯುತ್ತೆ. ಆಯಿಲ್ ಹಾಲು ಹಾಕಿದ ಟೀ ಥರ ಕಂಡ್ರೆ ನೀರು ಸೇರಿದೆ ಅಂತ ಅರ್ಥ. ಬ್ರೀದರ್‌ಗೆ ಒಂದು ಪೈಪ್ ಸಿಕ್ಕಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ತಂದು ಕಟ್ಟಿ. ಕೆಲವೇ ನೂರು ರೂಪಾಯಿ ಕೆಲಸ, ಉಳಿಸೋದು ಇಡೀ ಗೇರ್ ಸೆಟ್.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ಇರೋ ವಿವರಗಳಿಗೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡೂ. ಕಬ್ಬಿಣದ ಬಂಪರ್, ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಖಾಸಗಿ ಗಾಡಿಗೆ 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಗ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಲೇಬೇಕಲ್ವಾ? ವಿಮೆಯವರಿಗೆ ಹೇಳದೆ ಮಾಡಿಸಿದ ಬದಲಾವಣೆ ಕ್ಲೇಮ್ ಸಮಯದಲ್ಲಿ ಎದ್ದು ಬರುತ್ತೆ, ಅದನ್ನೂ ನೆನಪಿಟ್ಕೊಳ್ಳಿ.

ನಾನು ಕೊನೆಗೆ ಏನು ಮಾಡಿದೆ?

31 ಇಂಚಿನ ಟಯರ್ ಅರ್ಧ ಬೆಲೆಗೆ ಮಾರಿದೆ. ಲಿಫ್ಟ್, ಬಂಪರ್, ಲೈಟ್ ಬಾರ್ ಬಿಚ್ಚಿಸಿದೆ. ಬ್ರೇಕ್, ಕಿಂಗ್ ಪಿನ್, ಹೊಸ ಬುಶ್ ಹಾಕಿದ ಹಳೇ ಬ್ಲೇಡ್ ಸೆಟ್, ರೇಡಿಯೇಟರ್, ಬ್ರೀದರ್ ಎಲ್ಲಾ ಸೇರಿ 38,000 ಆಯ್ತು. ಕಂಪನಿ ಅಳತೆಯದ್ದೇ ಆಲ್ ಟೆರೇನ್ ಟಯರ್ ಹಾಕಿಸಿದೆ. ಕೆಸರಿಗೆ ಇಳಿಯೋ ಮುಂಚೆ ಗಾಳಿಯನ್ನ 18 ಪಿಎಸ್‌ಐಗೆ ಇಳಿಸ್ತೀನಿ. ಟಯರ್ ಚಪ್ಪಟೆಯಾಗಿ ನೆಲಕ್ಕೆ ಉದ್ದಕ್ಕೂ ಕಚ್ಚಿಕೊಳ್ಳುತ್ತೆ. ಟಾರ್ ರಸ್ತೆಗೆ ಬರೋ ಮುಂಚೆ ಸಣ್ಣ ಕಂಪ್ರೆಸರ್‌ನಿಂದ ಮತ್ತೆ ತುಂಬಿಸ್ತೀನಿ. ಒಣ ಟಾರ್ ರಸ್ತೇಲಿ ಫೋರ್ ವೀಲ್ ಹಾಕಲ್ಲ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ಸುತ್ತಬೇಕು, ಜಾರೋಕೆ ಮಣ್ಣಿಲ್ಲದಿದ್ದರೆ ಗೇರ್‌ಗಳೇ ಆ ಹೊರೆ ಹೊರಬೇಕು.

ಕಳೆದ ತಿಂಗಳು ಅದೇ ಇಳಿಜಾರಿಗೆ ಹೋದೆ. ತುದಿಯಲ್ಲಿ ನಿಲ್ಲಿಸಿ, ಫೋರ್ ಲೋ, ಒಂದನೇ ಗೇರ್ ಹಾಕಿ ಎರಡೂ ಕಾಲು ಪೆಡಲ್‌ನಿಂದ ತೆಗೆದೆ. ಎಂಜಿನ್ನೇ ಗಾಡಿಯನ್ನ ಹಿಡ್ಕೊಂಡು ನಡಿಗೆ ವೇಗದಲ್ಲಿ ಇಳಿಸ್ತು. ಮೊದಲ ಸಲವೂ ಆ ಲಿವರ್ ಅಲ್ಲೇ ಇತ್ತು, ನಾನೇ ಮುಟ್ಟಿರಲಿಲ್ಲ. ಮಾವನ ಮಗ ಈ ಸಲ ಪಕ್ಕದ ಸೀಟಲ್ಲೇ ಇದ್ದ. ಮಧ್ಯ ದಾರಿ ತನಕ ಮುಂದಿನ ಹಿಡಿ ಬಿಡಲಿಲ್ಲ. ಹಳ್ಳ ತಲುಪಿದ ಮೇಲೆ, "ಇನ್ನೊಂದ್ ಸಲ ಹೋಗೋಣ್ವಾ ಭಾವ?" ಅಂದ.

ನಿಮ್ಮ ಹತ್ರ ಹಳೇ ಗಾಡಿ ಇದ್ರೆ, ಬ್ರೇಕ್ ಆಯಿಲ್ ಕೊನೇ ಸಲ ಯಾವಾಗ ಬದಲಿಸಿದ್ದು ಅಂತ ಇವತ್ತೇ ನೋಡಿ. ಮುಂದಿನ ವಾರ ಸಿಗೋಣ.