ಸೋರುವ ರೇಡಿಯೇಟರಿಗೆ ಅರಿಷಿಣ ಮದ್ದಲ್ಲ

ಬೇಸಿಗೆಯಲ್ಲಿ ತುಬಚಿಯಿಂದ ಜಮಖಂಡಿಗೆ ಹೊರಟ ಕಾರಿನ ಬಾನೆಟ್ಟಿನಿಂದ ಹಬೆ ಎದ್ದರೆ, ಸುತ್ತ ಸೇರಿದವರಲ್ಲಿ ಒಬ್ಬರಾದರೂ ಒಂದು ಮುಷ್ಟಿ ಅರಿಷಿಣ ಹಾಕಲು ಹೇಳುತ್ತಾರೆ. ಅರಿಷಿಣ ಬೆಳೆಯುವ ಸೀಮೆಯಿದು, ಪುಡಿಗೆ ಯಾವ ಮನೆಯಲ್ಲೂ ಬರವಿಲ್ಲ. ಆ ಸಲಹೆಯಲ್ಲಿ ಅರ್ಧ ನಿಜವಿದೆ. ಎಂಜಿನ್ನಿಗೆ ಕುತ್ತು ತರುವುದು ಆ ಅರ್ಧ ನಿಜವೇ.

"ಅರಿಷಿಣ ಹಾಕಿದ್ರ ಸೋರೂದು ನಿಂದರ್ತೈತಿ"

ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು. ಪುಡಿಯ ಕಣಗಳು ಉಬ್ಬಿ, ನೀರು ಹೊರನುಗ್ಗುವ ತೂತಿನಲ್ಲಿ ಸಿಕ್ಕಿಕೊಳ್ಳುತ್ತವೆ. ಸೂಜಿಮೊನೆಯಷ್ಟೇ ತೂತಾಗಿದ್ದರೆ ಗಾಡಿ ಗ್ಯಾರೇಜಿನವರೆಗೆ ತಲುಪಲೂಬಹುದು. ಆದರೆ ಯಾವುದು ತೂತು, ಯಾವುದು ನೀರು ಹರಿಯಬೇಕಾದ ದಾರಿ ಎಂಬುದು ಪುಡಿಗೆ ಗೊತ್ತಿಲ್ಲ. ಈಗಿನ ಕಾರುಗಳ ರೇಡಿಯೇಟರಿನಲ್ಲಿ ಇರುವುದು ಚಪ್ಪಟೆ ಅಲ್ಯೂಮಿನಿಯಂ ಕೊಳವೆಗಳು. ಅವುಗಳ ಒಳಗಿನ ಸಂದು ಒಂದೆರಡು ಮಿಲಿಮೀಟರ್ ಮಾತ್ರ. ಅರಿಷಿಣ ಅಲ್ಲಿ ಕೆಸರಾಗಿ ಕೂತರೆ ನೀರಿನ ಓಟ ತಗ್ಗುತ್ತದೆ. ಸೋರಿಕೆ ನಿಂತಂತೆ ಕಂಡರೂ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಹೀಟರಿನ ಕೊಳವೆಗಳೂ ಹೀಗೆಯೇ ಕಟ್ಟಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ಲೀಕ್ ಸ್ಟಾಪ್ ಬಾಟಲಿಯನ್ನೂ ಊರು ಮುಟ್ಟುವ ಉಪಾಯ ಎಂದಷ್ಟೇ ನೋಡಬೇಕು. ದಾರಿಯಲ್ಲಿ ಅನಿವಾರ್ಯವಾಗಿ ಏನನ್ನಾದರೂ ಹಾಕಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಮುಚ್ಚಿಡಬೇಡಿ. ಇಡೀ ವ್ಯವಸ್ಥೆಯನ್ನು ತೊಳೆಯದೆ ಹೊಸ ರೇಡಿಯೇಟರ್ ಕೂರಿಸಿದರೆ ಎಂಜಿನ್ನಿನಲ್ಲಿ ಉಳಿದ ಕೆಸರು ಅದರೊಳಗೂ ಸೇರುತ್ತದೆ.

"ನೀರು ಕಡಿಮಿ ಆತಂದ್ರ ರೇಡಿಯೇಟರ್ ಹೋತು"

ಇದು ಜೇಬಿಗೆ ಭಾರವಾಗುವ ತಪ್ಪು. ಹೋಸ್ ಪೈಪು ಬಿರಿದಿರಬಹುದು, ಕ್ಲಿಪ್ ಸಡಿಲಾಗಿರಬಹುದು, ವಾಟರ್ ಪಂಪಿನ ಸೀಲ್ ಸವೆದಿರಬಹುದು, ಕ್ಯಾಪಿನ ರಬ್ಬರ್ ಗಟ್ಟಿಯಾಗಿರಬಹುದು. ಹನಿಯೇ ಬೀಳದೆ ನೀರು ಇಳಿಯುತ್ತ ಹೋದರೆ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ ಕಂಡರೆ, ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು. ಇನ್ನು ಏಸಿ ಹಾಕಿದಾಗ ಕಾರಿನ ಕೆಳಗೆ ಬೀಳುವ ತಿಳಿನೀರು ಸೋರಿಕೆಯೇ ಅಲ್ಲ.

ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ರೇಡಿಯೇಟರಿನ ಅಂಚು ನೋಡಿ. ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಅಂಚನ್ನು ಅಲ್ಯೂಮಿನಿಯಂ ಹಲ್ಲುಗಳು ಮಡಚಿ ಹಿಡಿದಿರುತ್ತವೆ. ಆ ಹಲ್ಲುಗಳ ಸಾಲಿನಲ್ಲಿ ಒಣಗಿದ ಹಸಿರು ಅಥವಾ ಬಿಳಿ ಗೆರೆ ಕೆಳಗಿಳಿದಿದ್ದರೆ, ಕೂಲಂಟ್ ಅಲ್ಲೇ ಒಸರುತ್ತಿದೆ. ಕಣ್ಣಿಗೆ ಕಾಣದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಕ್ಯಾಪಿನ ಜಾಗದಲ್ಲಿ ಕೈಪಂಪು ಕೂರಿಸಿ ಒತ್ತಡ ಕೊಟ್ಟರೆ ಸೋರುವ ಜಾಗ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಇದನ್ನು ಮಾಡದೆ ರೇಡಿಯೇಟರ್ ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

"ಬೆಸುಗಿ ಹಾಕ್ಸಿದ್ರ ಹೊಸಾದ್ರಂಗ ಆಗ್ತೈತಿ"

ತಾಮ್ರ-ಹಿತ್ತಾಳೆಯ ಕಾಲದಲ್ಲಿ ಈ ಮಾತು ಸರಿಯಿತ್ತು. ಅಂಬಾಸಿಡರ್ ಕಾರಿನ, ಹಳೆಯ ಟ್ರ್ಯಾಕ್ಟರುಗಳ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿಯಾಡಿಸಿ, ಬೆಸುಗೆ ಹಾಕಿ ಮತ್ತೆ ವರ್ಷಗಟ್ಟಲೆ ಓಡಿಸುತ್ತಿದ್ದರು. ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಗಟ್ಟಿ ಆಕ್ಸೈಡ್ ಪದರ ಇರುವುದರಿಂದ ಆ ಸೀಸದ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ. ಕಲ್ಲು ಬಡಿದು ಒಂದೇ ಕೊಳವೆ ತೂತಾಗಿದ್ದರೆ ತಿಳಿದವರಿಂದ ಅಲ್ಯೂಮಿನಿಯಂ ಬ್ರೇಜಿಂಗ್ ಮಾಡಿಸಬಹುದು. ಟ್ಯಾಂಕಿನ ಅಂಚಿನ ಗ್ಯಾಸ್ಕೆಟ್ ಮಾತ್ರ ಹೋಗಿದ್ದರೆ ಅದನ್ನೂ ಕೆಲವೆಡೆ ಬದಲಿಸಿಕೊಡುತ್ತಾರೆ. ಆದರೆ ಪ್ಲಾಸ್ಟಿಕ್ ಟ್ಯಾಂಕು ಬಿರಿದಿದ್ದರೆ, ಬೆರಳು ತಾಗಿಸಿದರೆ ಫಿನ್‌ಗಳು ಪುಡಿಪುಡಿಯಾಗಿ ಉದುರುತ್ತಿದ್ದರೆ ಬದಲಿಸುವುದೇ ಅಗ್ಗ. ಎಂ-ಸೀಲ್ ಮೆತ್ತಿದ ಟ್ಯಾಂಕನ್ನು ನಂಬಿ ದೂರದ ಊರಿಗೆ ಹೊರಡಬಾರದು.

ಕಬ್ಬಿನ ಹಂಗಾಮಿನಲ್ಲಿ ಇನ್ನೊಂದನ್ನೂ ಗಮನಿಸಿ. ಟ್ರ್ಯಾಕ್ಟರುಗಳ ಹಿಂದೆ ಹೋಗುವ ಕಾರಿನ ಫಿನ್‌ಗಳಿಗೆ ಧೂಳು, ರವದಿ ಮೆತ್ತಿಕೊಂಡಿರುತ್ತದೆ. ಸೋರಿಕೆ ಇಲ್ಲದೆಯೂ ಗಾಡಿ ಕಾಯಲು ಇದೊಂದೇ ಸಾಕು. ಹಿಂದಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಜೋರು ಧಾರೆ ಹೊಡೆದರೆ ಫಿನ್‌ಗಳು ಮಡಚಿ ಗಾಳಿಯ ದಾರಿ ಮುಚ್ಚುತ್ತವೆ.

"ಕೂಲಂಟ್ ಚಳಿ ದೇಶದವ್ರಿಗೆ, ನಮಗ ಬೋರಿನ ನೀರು ಸಾಕು"

ಈ ನಂಬಿಕೆಯೇ ಬಹಳಷ್ಟು ರೇಡಿಯೇಟರುಗಳನ್ನು ತಿಂದಿದೆ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಬೋರಿನ ಗಡಸು ನೀರಿನಲ್ಲಿ ಸುಣ್ಣ-ಲವಣಗಳಿರುತ್ತವೆ. ಕಾದಾಗ ಈ ಲವಣ ಕೊಳವೆಯೊಳಗೆ ಪದರಗಟ್ಟುತ್ತದೆ. ಕೃಷ್ಣಾ ತೀರದಲ್ಲಿ ಸವಳಾದ ಹೊಲ ಕಂಡವರಿಗೆ ಲವಣದ ಕಾಟವನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಯುವ ಬಿಂದುವನ್ನೂ ಕೂಲಂಟ್ ಏರಿಸುತ್ತದೆ, ಹಾಗಾಗಿ ನಮ್ಮ ಬಿಸಿಲಿಗೂ ಅದು ಬೇಕು. ಬಣ್ಣ ನೋಡಿ ಕೊಳ್ಳಬೇಡಿ: ಹಸಿರು, ಕೆಂಪು ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ಕಾರಿನ ಕೈಪಿಡಿ ಹೇಳಿದ್ದನ್ನೇ, ಡಿಸ್ಟಿಲ್ಡ್ ವಾಟರ್ ಬೆರೆಸಿ ಅಥವಾ ಬೆರೆಸಿಯೇ ಬರುವ ಡಬ್ಬಿ ತಂದು ಹಾಕಿ.

"ಕ್ಯಾಪ್ ತಗದು ತಣ್ಣೀರು ಸುರುವ್ರಿ"

ಇದನ್ನು ಎಂದಿಗೂ ಮಾಡಬೇಡಿ. ಕ್ಯಾಪು ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಆ ಒತ್ತಡದಲ್ಲಿ ಬರೀ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಕ್ಯಾಪು ಸಡಿಲವಾದ ಗಳಿಗೆಯಲ್ಲೇ ಅದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಸಿಲಿಂಡರ್ ಹೆಡ್ ಸೀಳಬಹುದು. ಏಸಿ ಆರಿಸಿ, ಗಾಡಿ ಬದಿಗೆ ಹಚ್ಚಿ, ಎಂಜಿನ್ ಬಂದ್ ಮಾಡಿ, ಕಡಿಮೆಯೆಂದರೂ ಅರ್ಧ-ಮುಕ್ಕಾಲು ಗಂಟೆ ಬಿಡಿ. ಮೀಟರಿನ ಮುಳ್ಳು ಇಳಿದಿದೆ ಎಂದು ಧೈರ್ಯ ತಾಳಬೇಡಿ. ನೀರು ಪೂರ್ತಿ ಖಾಲಿಯಾದಾಗ ಸೆನ್ಸರಿಗೆ ನೀರಿನ ಬದಲು ಗಾಳಿ ಸಿಕ್ಕು, ಮುಳ್ಳು ಸುಳ್ಳು ಹೇಳುವುದುಂಟು.

"ಥರ್ಮೋಸ್ಟಾಟ್ ಕಿತ್ತು ಒಗದ್ರ ಎಂಜಿನ್ ತಂಪಿರ್ತೈತಿ" ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಎಂಜಿನ್ ಬೇಕಾದಷ್ಟು ಬಿಸಿಯಾಗಲು ತಡವಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಸೋರಿಕೆಯಂತೂ ನಿಲ್ಲದು.

ಹಳೆಯ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದರಲ್ಲಿರುವ ಇಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಮುಧೋಳ ನಾಯಿ ಸಾಕಿದವರು ಇದನ್ನು ನೆನಪಿಡಬೇಕು. ಸ್ವಲ್ಪ ನೆಕ್ಕಿದರೂ ನಾಯಿಯ ಕಿಡ್ನಿ ಕೆಡಬಹುದು. ನೆಕ್ಕಿದ್ದು ಕಂಡರೆ ಲಕ್ಷಣಕ್ಕಾಗಿ ಕಾಯದೆ ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ.