ಎರಡಾಣೆಯ ಲೆಕ್ಕ, ಮಲಪ್ರಭೆಯ ಹೆಸರು

ರೋಣ ತಾಲ್ಲೂಕಿನ ಜಕ್ಕಲಿಯನ್ನು ಹೊರಗಿನವರು ಬಲ್ಲದ್ದು ಏಕೀಕರಣ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು. ಬ್ಯಾಂಕಿನ ಕಣ್ಣಿನಿಂದ ನೋಡಿದರೆ ಅದು ಎರೆಹೊಲಗಳ ಊರು. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ. ಮಳೆ ಹಿಡಿದರೆ ರಾಶಿ, ಕೈಕೊಟ್ಟರೆ ಸಾಲ. ಇಂಥ ಊರಲ್ಲಿ ದುಡ್ಡು ಕೈಗೆ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಖರ್ಚು ಮಾತ್ರ ದಿನಾ. ಸಾಹುಕಾರ ಬಾಳಿದ್ದೇ ಈ ಎರಡರ ನಡುವಿನ ಸಂದಿಯಲ್ಲಿ. ಅವನ ಬಡ್ಡಿ ಹೆಚ್ಚೆಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅವನ ಬಾಗಿಲು ರಾತ್ರಿಯೂ ತೆರೆಯುತ್ತಿತ್ತು. ಆದ್ದರಿಂದ ಈ ಸೀಮೆಯಲ್ಲಿ ಹೊಸ ಬ್ಯಾಂಕೊಂದು ಬೇರು ಬಿಟ್ಟಿತೇ ಇಲ್ಲವೇ ಎಂದು ಅಳೆಯಲು ಠೇವಣಿಯ ಮೊತ್ತವನ್ನಷ್ಟೇ ನೋಡಿದರೆ ಸಾಲದು. ಗಿರಾಕಿಯ ದುಡಿಮೆಯ ಲಯಕ್ಕೆ ಅದು ತನ್ನ ಲೆಕ್ಕವನ್ನು ಎಷ್ಟು ಬಗ್ಗಿಸಿಕೊಂಡಿತು ಎಂದು ಕೇಳಬೇಕು. 1976ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮಲಪ್ರಭಾ ಗ್ರಾಮೀಣ ಬ್ಯಾಂಕಿಗೆ ಕೇಳಬೇಕಾದದ್ದೂ ಇದೇ ಪ್ರಶ್ನೆ.

ಗದಗ ಸೀಮೆಗೆ ಇದು ಮೊದಲ ಪ್ರಯೋಗವೇನಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ನಮ್ಮವರು ಹೇಳುತ್ತಾರೆ. ತಮಿಳುನಾಡಿನ ತಿರೂರಿನವರು 1904ರ ಇಸವಿ ತೋರಿಸುತ್ತಾರೆ. ಆ ಜಗಳ ಇಲ್ಲಿ ಮುಖ್ಯವಲ್ಲ. ಹಳ್ಳಿಯ ಸಂಘಗಳಿಗೆ ಆ ಕಾಯ್ದೆ ಮಿತಿಯಿಲ್ಲದ ಹೊಣೆ ಹೊರಿಸಿತ್ತು. ಒಬ್ಬ ತೀರಿಸದಿದ್ದರೆ ಉಳಿದವರ ಆಸ್ತಿಗೂ ಬಿಸಿ ತಟ್ಟುತ್ತದೆ. ಹಾಗಾಗಿ ಯಾರಿಗೆ ಎಷ್ಟು ಕೊಡಬಹುದೆಂದು ನೆರೆಯವರೇ ತೂಗಿ ನೋಡುತ್ತಿದ್ದರು. ಜಾಣ ಏರ್ಪಾಡು. ಆದರೂ ಅರ್ಧ ಶತಮಾನದ ಬಳಿಕ, 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಲೆಕ್ಕ ಹಾಕಿದಾಗ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3.1, ವಾಣಿಜ್ಯ ಬ್ಯಾಂಕುಗಳದು ಶೇ 0.9. ಮುಕ್ಕಾಲು ಪಾಲಿಗೆ ಸಮೀಪ ಲೇವಾದೇವಿಯವರದೇ. ಸಂಘಕ್ಕೆ ಊರಿನ ಪರಿಚಯವಿತ್ತು, ಹಣವಿರಲಿಲ್ಲ. ಬ್ಯಾಂಕಿಗೆ ಹಣವಿತ್ತು, ಊರಿನ ಪರಿಚಯವಿರಲಿಲ್ಲ.

ಈ ಎರಡನ್ನೂ ಕೂಡಿಸುವ ಉಪಾಯ ಹೊಳೆದದ್ದು ಘಟ್ಟದ ಕೆಳಗೆ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯ ಮುಂದೆ ಅದರ ಉಳಿದ ಸಾಧನೆಗಳೆಲ್ಲ ನನಗೆ ಸಣ್ಣವಾಗಿ ಕಾಣುತ್ತವೆ. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕಿನ ಏಜೆಂಟ್ ಮನೆಗೋ ಅಂಗಡಿಗೋ ಬಂದು ಒಯ್ಯುತ್ತಾನೆ, ಬರೆದುಕೊಡುತ್ತಾನೆ, ಬ್ಯಾಂಕಿಗೆ ಕಟ್ಟುತ್ತಾನೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ ಹತ್ತಾಣೆ. ಇಂಥ 175 ಜನ ತಪ್ಪದೆ ಒಂದು ವರ್ಷ ಕಟ್ಟಿದರೆ ಬ್ಯಾಂಕಿನ ಮೂಲ ಬಂಡವಾಳ ಹೆಚ್ಚುಕಮ್ಮಿ ಇನ್ನೊಮ್ಮೆ ಕೂಡಿದಂತೆ. ಬಡವರ ಉಳಿತಾಯ ಬ್ಯಾಂಕಿಗೆ ಹೊರೆಯೆಂಬ ನಂಬಿಕೆಯನ್ನು ಒಡೆಯಲು ಇದಕ್ಕಿಂತ ಗಟ್ಟಿ ಗಣಿತ ಬೇಕಿಲ್ಲ. ಉಳಿಸುವವನು ಕೌಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕಿರಲಿಲ್ಲ, ಅರ್ಜಿ ತುಂಬಲು ಯಾರನ್ನೂ ಬೇಡಬೇಕಿರಲಿಲ್ಲ, ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕಿರಲಿಲ್ಲ. ಇನ್ನೊಂದು ಲಾಭ ಬ್ಯಾಂಕಿನದು. ದಿನಾ ಬಾಗಿಲಿಗೆ ಹೋಗುವ ಏಜೆಂಟನಿಗೆ ಯಾರ ವ್ಯಾಪಾರ ಏರುತ್ತಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಮೂರು ದಿನದಿಂದ ಅಂಗಡಿ ತೆರೆದಿಲ್ಲ ಎಂಬುದೆಲ್ಲ ಕೇಳದೆಯೇ ತಿಳಿಯುತ್ತಿತ್ತು. ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಸಿಗದ ಮಾಹಿತಿ ಅದು.

ಪಿಗ್ಮಿಯನ್ನು ಹೊಗಳುವಾಗ ಅದರ ಕೊರತೆ ಮರೆಯಬಾರದು. ಕಮಿಷನ್ ಕೊಟ್ಟ ಮೇಲೆ ಠೇವಣಿದಾರನಿಗೆ ಉಳಿಯುವ ಬಡ್ಡಿ ಕಡಿಮೆ. ಬಿಸಿಲು ಮಳೆಯೆನ್ನದೆ ತಿರುಗುವ ಏಜೆಂಟರನ್ನು ಬ್ಯಾಂಕುಗಳು ಬಹುಕಾಲ ತಮ್ಮ ನೌಕರರೆಂದೇ ಒಪ್ಪಲಿಲ್ಲ. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಲು 2001 ಬರಬೇಕಾಯಿತು. ಅದಕ್ಕಿಂತ ದೊಡ್ಡ ಆಕ್ಷೇಪ ಜಕ್ಕಲಿಯಂಥ ಊರಿನಿಂದಲೇ ಏಳುತ್ತದೆ: ದಿನಾ ಗಲ್ಲಾಪೆಟ್ಟಿಗೆ ಮುಟ್ಟುವ ಚಹಾದಂಗಡಿಯವನಿಗೆ ಪಿಗ್ಮಿ ಸರಿ, ಸುಗ್ಗಿಗೊಮ್ಮೆ ದುಡ್ಡು ಕಾಣುವ ಒಣಬೇಸಾಯದ ರೈತ ದಿನಾ ಏನು ಕಟ್ಟಬೇಕು? ಮಾತು ನ್ಯಾಯವಾದದ್ದೇ. ಆದರೆ ಪಿಗ್ಮಿಯಿಂದ ಕಲಿಯಬೇಕಾದದ್ದು ಎರಡಾಣೆಯನ್ನಲ್ಲ, ಗಿರಾಕಿಯ ಕ್ಯಾಲೆಂಡರನ್ನು ಬ್ಯಾಂಕು ಒಪ್ಪಿಕೊಂಡ ರೀತಿಯನ್ನು. ವ್ಯಾಪಾರಿಗೆ ದಿನದ ಲೆಕ್ಕವಾದರೆ ಕೂಲಿಯವರಿಗೆ ವಾರದ್ದು, ರೈತನಿಗೆ ಹಂಗಾಮಿನದು.

1975ರಲ್ಲಿ ನರಸಿಂಹಂ ಕಾರ್ಯತಂಡ ಗ್ರಾಮೀಣ ಬ್ಯಾಂಕುಗಳನ್ನು ಸೂಚಿಸಿದಾಗ ಆಧಾರವಾಗಿದ್ದುದೂ ಇಂಥದೇ ವಿಚಾರ: ಸಹಕಾರ ಸಂಘದ ಊರಿನ ಅರಿವು, ವಾಣಿಜ್ಯ ಬ್ಯಾಂಕಿನ ಶಿಸ್ತು, ಎರಡೂ ಒಂದೇ ಸೂರಿನಡಿ. ಬಂಡವಾಳದಲ್ಲಿ ಕೇಂದ್ರದ್ದು ಶೇ 50, ರಾಜ್ಯದ್ದು 15, ಪ್ರಾಯೋಜಕ ಬ್ಯಾಂಕಿನದು 35. ಮಲಪ್ರಭಾ ಬ್ಯಾಂಕಿನ ಪ್ರಾಯೋಜಕತ್ವ ಸಿಂಡಿಕೇಟ್ ಬ್ಯಾಂಕಿನದು. ಹೀಗೆ ಉಡುಪಿಯ ಪಾಠ ಘಟ್ಟ ಹತ್ತಿ ಅವಿಭಜಿತ ಧಾರವಾಡ ಜಿಲ್ಲೆಗೆ ಬಂತು. ಸಾಲ ಸಣ್ಣ ರೈತರು, ಭೂಮಿಯಿಲ್ಲದ ಕೂಲಿಕಾರರು, ಕುಶಲಕರ್ಮಿಗಳಿಗಷ್ಟೇ ಎಂಬ ಕಟ್ಟಳೆಯಿತ್ತು. ಸಿಬ್ಬಂದಿ ಈ ಸೀಮೆಯವರೇ, ಸಂಬಳ ರಾಜ್ಯ ಸರ್ಕಾರಿ ನೌಕರರ ಮಟ್ಟದ್ದು. ಹಿಂಗಾರಿ ಬಿತ್ತನೆಗೆ ಯಾವಾಗ ದುಡ್ಡು ಬೇಕು, ಕಡಲೆ ರಾಶಿ ಯಾವಾಗ ಮುಗಿಯುತ್ತದೆ ಎಂದು ಇಂಥ ಮ್ಯಾನೇಜರನಿಗೆ ಸುತ್ತೋಲೆ ಹೇಳಿಕೊಡಬೇಕಿರಲಿಲ್ಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಕಣಗಿನಹಾಳದ ಹಳೆಯ ಉಪಾಯವೇ ಸೀರೆಯುಟ್ಟು ಬಂದಂತಾಯಿತು: ವಾರದ ಉಳಿತಾಯ, ಒಬ್ಬರಿಗೊಬ್ಬರು ಹೊಣೆ.

ಇದು ಬ್ಯಾಂಕೋ ಧರ್ಮಛತ್ರವೋ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ದೇಶದ ಗ್ರಾಮೀಣ ಬ್ಯಾಂಕುಗಳು ತೊಂಬತ್ತರ ದಶಕದ ಹೊತ್ತಿಗೆ ಬಹುಪಾಲು ನಷ್ಟದಲ್ಲಿದ್ದವು, ಸರ್ಕಾರ ಮತ್ತೆ ಬಂಡವಾಳ ತುಂಬಬೇಕಾಯಿತು ನಿಜ. ಆದರೆ ಬಡವರಿಗಷ್ಟೇ ಕೊಡಿ, ಬಡ್ಡಿ ಕಡಿಮೆ ಹಾಕಿ, ಲಾಭವನ್ನೂ ತೋರಿಸಿ ಎಂದರೆ ಯಾರು ತಾನೇ ಗೆದ್ದಾರು? 1990ರಲ್ಲಿ ಸಾಲಮನ್ನಾ ಬಂತು. ಅದೇ ವರ್ಷ ನ್ಯಾಯಮಂಡಳಿಯ ತೀರ್ಪಿನಿಂದ ಸಂಬಳವೂ ವಾಣಿಜ್ಯ ಬ್ಯಾಂಕಿನ ಮಟ್ಟಕ್ಕೇರಿತು. ಸಂಬಳ ಏರಿದ್ದು ನ್ಯಾಯವೇ, ಮನ್ನಾದ ಹಿಂದಿನ ಸಂಕಟವೂ ಸುಳ್ಳಲ್ಲ. ಪಕ್ಕದ ನರಗುಂದದಲ್ಲಿ 1980ರಲ್ಲಿ ರೈತರು ಸಿಡಿದೆದ್ದದ್ದು ಸುಮ್ಮನೆಯಲ್ಲ. ಆದರೆ ಇವೆಲ್ಲದರ ಲೆಕ್ಕವನ್ನು ಸಣ್ಣ ಬ್ಯಾಂಕಿನ ತಲೆಗೆ ಕಟ್ಟಿ ಅದು ಸೋತಿತೆನ್ನುವುದು ಸರಿಯಲ್ಲ.

ಸೋಲಿಗೆ ಕಂಡುಕೊಂಡ ಮದ್ದು ವಿಲೀನ. 2005ರಲ್ಲಿ ಮಲಪ್ರಭಾ, ಬಿಜಾಪುರ, ವರದಾ, ನೇತ್ರಾವತಿ ಬ್ಯಾಂಕುಗಳು ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಕರಗಿತು. 2025ರ ಮೇ 1ರಿಂದ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್, ಪ್ರಧಾನ ಕಚೇರಿ ಬಳ್ಳಾರಿಯಲ್ಲಿ. ದೊಡ್ಡದಾದರೆ ತಂತ್ರಜ್ಞಾನ ಬರುತ್ತದೆ, ಒಂದು ಸೀಮೆಯ ಬರ ಇನ್ನೊಂದರ ಬೆಳೆಯಲ್ಲಿ ಸರಿದೂಗುತ್ತದೆ. ಈ ವಾದವನ್ನು ಒಪ್ಪುತ್ತೇನೆ. ಮೊಬೈಲಿನಲ್ಲೇ ಎಲ್ಲ ಆಗುವಾಗ ಬಾಗಿಲಿಗೆ ಬರುವವರು ಯಾಕೆ ಎಂಬ ಮಾತನ್ನು ಮಾತ್ರ ಅರ್ಧವಷ್ಟೇ ಒಪ್ಪಬಹುದು. ಮೊಬೈಲು ದುಡ್ಡು ಸಾಗಿಸುತ್ತದೆ. ಈ ವರ್ಷ ಹೆಸರು ಕೈಗೆ ಹತ್ತಲಿಲ್ಲ, ಕಂತು ಕಡಲೆ ರಾಶಿಯವರೆಗೆ ತಡೆಯಲಿ ಎಂಬ ತೀರ್ಮಾನ ಹೊಲ ನೋಡಿದವರಿಂದಲೇ ಆಗಬೇಕು. ಮಲಪ್ರಭೆಯ ಹೆಸರು ಹೇಗೂ ಹೋಯಿತು. ಹೊಸ ಬ್ಯಾಂಕಿನ ಆಡಳಿತ ರೋಣ, ನರೇಗಲ್ಲ ಕಡೆಯ ಶಾಖೆಗಳಿಗೆ ಸಣ್ಣ ಸಾಲವನ್ನು ಅಲ್ಲೇ ಮಂಜೂರು ಮಾಡುವ, ಬರದ ವರ್ಷ ಕಂತನ್ನು ಮುಂದೂಡುವ ಅಧಿಕಾರವನ್ನಾದರೂ ಬಿಟ್ಟುಕೊಡಲಿ. ಅದಕ್ಕೆ ಈ ಭಾಷೆ, ಈ ಮಣ್ಣು ಬಲ್ಲ ಮ್ಯಾನೇಜರರನ್ನೇ ಕಳಿಸಲಿ.